ಉತಾರ ಅಂತ ಹುಡುಕಿದರೆ ಉತಾರ ಸಿಗಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹೊಲದ ಕಾಗದಕ್ಕೆ ಜನ ಅನ್ನುವುದು ಉತಾರ. ಆ ಕಾಗದದ ಮೇಲೆ ಅಚ್ಚಾಗಿರುವುದು ಪಹಣಿ ಇಲ್ಲವೇ ಆರ್‌ಟಿಸಿ. ವಕೀಲರ ಕಚೇರಿಯಲ್ಲೋ ಪತ್ತಿನ ಸಹಕಾರಿ ಸಂಘದಲ್ಲೋ ಸಾವಿರಾರು ಹಾಳೆ ಸ್ಕ್ಯಾನ್ ಮಾಡಿ ಹಾಕಿ, ಕೊನೆಗೆ "ಉತಾರ" ಎಂದು ಟೈಪ್ ಮಾಡಿದರೆ ಒಂದೂ ಬರುವುದಿಲ್ಲ. ಕಾಗದದಲ್ಲೇ ಇಲ್ಲದ ಪದ ಸಿಗದಿದ್ದರೆ ಅದರಲ್ಲಿ ವಿಶೇಷವಿಲ್ಲ. ಆದರೆ ಕಾಗದದ ಮೇಲೆ ದೊಡ್ಡದಾಗಿ ಇರುವ "ಪಹಣಿ"ಯನ್ನೂ ಸಾಫ್ಟ್‌ವೇರ್ ಗುರುತು ಹಿಡಿಯದಿದ್ದರೆ? ಅದಕ್ಕೆ ಕಾರಣ ಬೇರೆಯೇ ಇದೆ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ಮಾತಾಡುತ್ತಿರುವುದು ಸ್ಕ್ಯಾನ್ ಮಾಡಿದ ಕಾಗದಗಳನ್ನು ಓದಿ, ಜೋಡಿಸಿ, ಹುಡುಕಿಕೊಡುವ ಪೇಪರ್‌ಲೆಸ್ ಎನ್‌ಜಿಎಕ್ಸ್ ಬಗ್ಗೆ, ಅದರ 2ನೇ ಸರಣಿಯ ಬಗ್ಗೆ. ಮೊದಲು ಪೇಪರ್‌ಲೆಸ್ ಎಂಬ ಮುಕ್ತ ತಂತ್ರಾಂಶವಿತ್ತು, ಅದರಿಂದ ಪೇಪರ್‌ಲೆಸ್ ಎನ್‌ಜಿ ಕವಲೊಡೆಯಿತು, ಅದರಿಂದ ಇದು. ಪರವಾನಗಿ ಜಿಪಿಎಲ್ ಮೂರನೇ ಆವೃತ್ತಿ. ಹಿಂಬದಿ ಪೈಥಾನ್‌ನ ಜ್ಯಾಂಗೋದಲ್ಲಿದೆ, ಬ್ರೌಸರಿನಲ್ಲಿ ಕಾಣುವ ಮುಂಬದಿ ಆಂಗ್ಯುಲರ್‌ನಲ್ಲಿದೆ. ಒಂದು ಫೋಲ್ಡರಿಗೆ ಪಿಡಿಎಫ್ ಹಾಕಿದರೆ ಅದು ತಾನಾಗಿ ಎತ್ತಿಕೊಂಡು, ಟೆಸೆರಾಕ್ಟ್ ಎಂಬ ತಂತ್ರಾಂಶದಿಂದ ಚಿತ್ರದಲ್ಲಿನ ಅಕ್ಷರ ಓದಿಸಿ (ಇದಕ್ಕೇ ಓಸಿಆರ್ ಅನ್ನುವುದು), ದಿನಾಂಕ ಹಚ್ಚಿ, ಟ್ಯಾಗ್ ಹಚ್ಚಿ ಒಳಗಿಡುತ್ತದೆ. ಇಂಥದೇ ಕೆಲಸದ ಮಯಾನ್ ಇಡಿಎಂಎಸ್ ಕೂಡ ಮುಕ್ತವೇ. ಕಡತ ಒಬ್ಬರಿಂದ ಒಬ್ಬರಿಗೆ ಸಹಿಗೆ ಓಡಾಡಬೇಕಾದ ದೊಡ್ಡ ಕಚೇರಿಗೆ ಅದು ಸರಿ, ಮೂರು ಮೇಜಿನ ಕಚೇರಿಗೆ ಭಾರ. ದಿನವೂ ತಿದ್ದುವ ಕಡತಗಳಿಗೆ ಇವೆರಡೂ ಬೇಡ, ನೆಕ್ಸ್ಟ್‌ಕ್ಲೌಡ್ ಸಾಕು. ಪೇಪರ್‌ಲೆಸ್ ಇರುವುದು ಬರೆದು ಮುಗಿದ ಕಾಗದಕ್ಕೆ.

8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ ಇರುವ ಹಳೇ ಡೆಸ್ಕ್‌ಟಾಪ್ ಇದ್ದರೆ ಹೊಸದು ಕೊಳ್ಳಬೇಕಿಲ್ಲ. ಡೆಬಿಯನ್ ಲಿನಕ್ಸ್ ಹಾಕಿ, ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಹಾಕಿ, ಯೋಜನೆಯವರೇ ಕೊಡುವ ಕಂಪೋಸ್ ಕಡತಗಳಲ್ಲಿ (ಯಾವ ಕಂಟೇನರ್ ಏಳಬೇಕೆಂಬ ಪಟ್ಟಿ) ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವುದನ್ನು ಆರಿಸಿಕೊಳ್ಳಿ. ವೆಬ್‌ಸರ್ವರ್, ಡೇಟಾಬೇಸ್, ರೆಡಿಸ್ ಎಂದು ಮೂರು ಕಂಟೇನರ್ ಏಳುತ್ತವೆ. ವರ್ಡ್, ಎಕ್ಸೆಲ್ ಕಡತಗಳನ್ನೂ ಹಾಕುವುದಿದ್ದರೆ ಗೋಟೆನ್‌ಬರ್ಗ್ ಮತ್ತು ಟಿಕಾ ಎಂಬ ಇನ್ನೆರಡು ಬೇಕು. ಬೇಡದಿದ್ದರೆ ಬಿಡಿ, ರ‍್ಯಾಮ್ ಉಳಿಯುತ್ತದೆ. ಬ್ರೌಸರಿನಲ್ಲಿ ಆ ಯಂತ್ರದ ಐಪಿ ವಿಳಾಸ ಹಾಕಿ 8000ನೇ ಪೋರ್ಟ್ ತೆರೆದರೆ ಲಾಗಿನ್ ಪುಟ ಬರುತ್ತದೆ. ರೌಟರಿನಲ್ಲಿ ಆ ಐಪಿಯನ್ನು ಕಾಯಂ ಮಾಡಿಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮರುದಿನ "ವೆಬ್‌ಸೈಟ್ ಹೋಯ್ತು" ಎಂಬ ದೂರು ಶುರು. ಇಂಟರ್ನೆಟ್ಟಿಗೆ ಮಾತ್ರ ನೇರ ತೆರೆದಿಡಬೇಡಿ. ಹೊರಗಿನಿಂದ ಬೇಕೆಂದರೆ ವೈರ್‌ಗಾರ್ಡ್ ಎಂಬ ವಿಪಿಎನ್ ಮೂಲಕ ಬನ್ನಿ.

ಇಷ್ಟು ಒಂದು ತಾಸಿನ ಕೆಲಸ. ಎಡವುವುದು ಇದರ ನಂತರ.

ಏಕವಚನ, ಬಹುವಚನ

ಭಾಷೆಗೆ ಎರಡು ಸೆಟ್ಟಿಂಗ್ ಇವೆ, ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. "ಓಸಿಆರ್ ಲ್ಯಾಂಗ್ವೇಜಸ್" ಎಂಬ ಬಹುವಚನದ್ದು ಯಾವ ಭಾಷೆಯ ಕಡತಗಳನ್ನು ಇಳಿಸಿಕೊಳ್ಳಬೇಕು ಎಂದು ಹೇಳುತ್ತದೆ. ಅಲ್ಲಿ ಭಾಷೆಗಳ ನಡುವೆ ಖಾಲಿ ಜಾಗ. "ಓಸಿಆರ್ ಲ್ಯಾಂಗ್ವೇಜ್" ಎಂಬ ಏಕವಚನದ್ದು ಓದುವಾಗ ಯಾವುದನ್ನು ಬಳಸಬೇಕು ಎಂದು ಹೇಳುತ್ತದೆ. ಅಲ್ಲಿ ನಡುವೆ ಕೂಡಿಸುವ ಚಿಹ್ನೆ (+). ಕನ್ನಡದ ಮೂರಕ್ಷರದ ಸಂಕೇತ ಕೆಎಎನ್, ಮರಾಠಿಯದು ಎಂಎಆರ್, ಇಂಗ್ಲಿಷಿನದು ಇಎನ್‌ಜಿ. ಕಂಟೇನರಿನೊಳಗೆ ಇಂಗ್ಲಿಷ್ ಮೊದಲೇ ಇರುತ್ತದೆ, ಕನ್ನಡ ಇರುವುದಿಲ್ಲ. ಏಕವಚನದಲ್ಲಿ ಮಾತ್ರ ಕನ್ನಡ ಬರೆದು ಬಹುವಚನ ಮರೆತರೆ, ಆ ಭಾಷೆ ಇಲ್ಲ ಎಂಬ ತಕರಾರು ಲಾಗ್‌ನಲ್ಲಿ ಬರುತ್ತದೆ. ಬಹುವಚನದಲ್ಲಿ ಮಾತ್ರ ಬರೆದರೆ ತಕರಾರೇ ಬರುವುದಿಲ್ಲ. ಕನ್ನಡದ ಹಾಳೆಯನ್ನು ಇಂಗ್ಲಿಷ್ ಎಂದುಕೊಂಡು ಓದಿ ಕಸ ತುಂಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಗೊತ್ತಾಗುವುದು ಆರು ತಿಂಗಳ ಮೇಲೆ.

ಸೆಟ್ಟಿಂಗ್ ಬದಲಿಸಿದ ಮೇಲೆ ಡಾಕರ್ ಕಂಪೋಸ್‌ಗೆ "ರೀಸ್ಟಾರ್ಟ್" ಅಂದರೆ ಸಾಲದು, ಹೊಸ ಸೆಟ್ಟಿಂಗ್ ಓದಿಕೊಳ್ಳುವುದಿಲ್ಲ. "ಅಪ್" ಆಜ್ಞೆ ಕೊಟ್ಟು ಕಂಟೇನರನ್ನು ಹೊಸದಾಗಿ ಎಬ್ಬಿಸಬೇಕು. ಹೊಸ ಕಂಟೇನರ್ ಎದ್ದಾಗ ಭಾಷೆಯ ಕಡತ ಇಂಟರ್ನೆಟ್ಟಿನಿಂದ ಇಳಿಯುತ್ತದೆ, ಆ ಹೊತ್ತಿಗೆ ನೆಟ್ ಇರಬೇಕು. ಈಗಾಗಲೇ ತಪ್ಪಾಗಿ ಓದಿದ ಕಾಗದಗಳನ್ನು ಪಟ್ಟಿಯಲ್ಲಿ ಆರಿಸಿ "ರೀಪ್ರೊಸೆಸ್" ಒತ್ತಿದರೆ ಮತ್ತೆ ಓದುತ್ತದೆ.

ಬೆಳಗಾವಿ ಕಡೆ ಒಂದೇ ಗಂಟಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುತ್ತವೆ. ಅಂಥಲ್ಲಿ ಮೂರನ್ನೂ ಕೂಡಿಸಿ, ಕನ್ನಡವನ್ನು ಮೊದಲಿಗಿಡಿ. ಬಾಗಲಕೋಟೆ, ವಿಜಯಪುರಕ್ಕೆ ಕನ್ನಡ ಮತ್ತು ಇಂಗ್ಲಿಷ್ ಸಾಕು. ಒಂದೊಂದು ಭಾಷೆ ಕೂಡಿಸಿದಂತೆ ಓದು ನಿಧಾನವಾಗುತ್ತದೆ, ತಪ್ಪೂ ಸ್ವಲ್ಪ ಏರುತ್ತದೆ. 1956ಕ್ಕೆ ಮೊದಲು ಈ ಭಾಗದ ಹೆಚ್ಚಿನ ಪಾಲು ಮುಂಬಯಿ ಪ್ರಾಂತ್ಯದಲ್ಲಿದ್ದದ್ದರಿಂದ ಹಳೇ ಮನೆಗಳಲ್ಲಿ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಗಳೂ ಸಿಗುತ್ತವೆ. ಅವನ್ನು ಟೆಸೆರಾಕ್ಟ್ ಓದುವುದಿಲ್ಲ. ಕೈಬರಹದ ಕನ್ನಡವನ್ನೂ ಅಷ್ಟೇ. ಚಿತ್ರವಾಗಿ ಹಾಕಿ, ಹೆಸರು ಮತ್ತು ಸರ್ವೇ ನಂಬರನ್ನು ಕೈಯಿಂದ ಟೈಪ್ ಮಾಡಿಡಿ. ಬೇರೆ ದಾರಿಯಿಲ್ಲ.

ಸ್ಕ್ಯಾನ್ ಮಾಡುವಾಗ 300 ಡಿಪಿಐ, ಗ್ರೇಸ್ಕೇಲ್. ಎ4 ಹಾಳೆ ಆಗ 2480 ಅಗಲ, 3508 ಎತ್ತರದ ಚಿತ್ರವಾಗುತ್ತದೆ. 200ಕ್ಕೆ ಇಳಿಸಿದರೆ ಮೊದಲು ಕೈಕೊಡುವುದು ಒತ್ತಕ್ಷರ. ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಮಾಸಿದ ರಬ್ಬರ್ ಸಿಕ್ಕಾ ಮಾಯವಾಗಿ, ಮಡಿಕೆಯ ಗೆರೆ ಅಕ್ಷರವಾಗುತ್ತದೆ. ಎಷ್ಟೇ ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಎರಡು ಗೊಂದಲ ಉಳಿಯುತ್ತವೆ: ಅನುಸ್ವಾರವೂ ಕನ್ನಡದ ಸೊನ್ನೆಯೂ ಒಂದೇ ಆಕಾರ, ಅರ್ಕಾವತ್ತೂ ಕನ್ನಡದ ಒಂಬತ್ತೂ ಒಂದೇ ಆಕಾರ. "ಅರ್ಜಿ"ಯಲ್ಲಿ ಒಂಬತ್ತು ಸೇರಿಕೊಂಡಿದ್ದರೆ ಗಾಬರಿ ಬೇಡ.

ಛಾಪಾ ಕಾಗದ, ಹಳೇ ಖರೀದಿ ಪತ್ರ ಲೀಗಲ್ ಅಳತೆಯವು, 14 ಇಂಚು ಉದ್ದ. ಎ4 ಗಾಜಿನ ಸ್ಕ್ಯಾನರಿನಲ್ಲಿ ಅವುಗಳ ಕೆಳಗಿನ ಎರಡು ಇಂಚು, ಅಂದರೆ ಸಹಿ ಇರುವ ಜಾಗವೇ ಕತ್ತರಿಸಿ ಹೋಗುತ್ತದೆ. ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್ ಕೊಳ್ಳುವಾಗ ಲೀಗಲ್ ಹಿಡಿಯುತ್ತದೆಯೇ ನೋಡಿ. ಅದರ ಕಿರಿದಾದ ಗಾಜಿನ ಪಟ್ಟಿಯ ಮೇಲೆ ಒಂದು ಕಣ ಧೂಳು ಕುಳಿತರೂ ಪುಟದುದ್ದಕ್ಕೂ ನೆಟ್ಟಗೆ ಗೆರೆ ಬೀಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಆ ಪಟ್ಟಿಯನ್ನು ದಿನಾ ಒರೆಸಬೇಕು. ವಿಂಡೋಸ್ ಯಂತ್ರದಿಂದ ಸ್ಕ್ಯಾನ್ ಮಾಡಲು ನ್ಯಾಪ್ಸ್2 ಎಂಬ ಮುಕ್ತ ತಂತ್ರಾಂಶ ಚೆನ್ನಾಗಿದೆ. ಉಳಿಸುವ ಜಾಗವಾಗಿ ಪೇಪರ್‌ಲೆಸ್‌ನ ಫೋಲ್ಡರನ್ನು ಸಾಂಬಾ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಸಾಧನ) ಮೂಲಕ ಕೊಡಿ. ಆ ಫೋಲ್ಡರ್ ಇರುವುದೇ ಇನ್ನೊಂದು ಯಂತ್ರದಲ್ಲಿ, ಅಲ್ಲಿಂದ ಇಲ್ಲಿಗೆ ಮೌಂಟ್ ಮಾಡಿದ್ದೀರಿ ಎಂದಾದರೆ ಹೊಸ ಕಡತ ಬಂದ ಸುದ್ದಿ ಲಿನಕ್ಸ್‌ಗೆ ತಲುಪುವುದಿಲ್ಲ. ಪೋಲಿಂಗ್ ಸೆಟ್ಟಿಂಗಿಗೆ 60 ಎಂದು ಹಾಕಿ, ನಿಮಿಷಕ್ಕೊಮ್ಮೆ ತಾನೇ ಹೋಗಿ ನೋಡುತ್ತದೆ.

ನುಡಿಯಲ್ಲಿ ಟೈಪ್ ಮಾಡಿದ ಪಿಡಿಎಫ್

ಇದು ಸ್ಕ್ಯಾನ್ ಮಾಡಿದ್ದಲ್ಲ, ಕಂಪ್ಯೂಟರಿನಲ್ಲೇ ಹುಟ್ಟಿದ್ದು. ಆದರೂ ಹೆಚ್ಚು ಕಾಡುತ್ತದೆ. ಯುನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಕಸ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ತಲೆಯ ಮೇಲೆ ಚುಕ್ಕಿ-ಗೆರೆ ಇರುವ ರೋಮನ್ ಅಕ್ಷರ ಬಂದರೆ ಅದೇ.

ಪೇಪರ್‌ಲೆಸ್ ಮೊದಲಿಗೆ "ಸ್ಕಿಪ್" ರೀತಿಯಲ್ಲಿರುತ್ತದೆ. ಪಿಡಿಎಫ್‌ನಲ್ಲಿ ಅಕ್ಷರ ಈಗಾಗಲೇ ಇದ್ದರೆ ಓದುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಈ ಕಸವನ್ನೇ ಪಠ್ಯವೆಂದು ನಂಬಿ ಇಟ್ಟುಕೊಳ್ಳುತ್ತದೆ. "ರೀಡೂ" ರೀತಿಗೆ ಬದಲಿಸಿದರೆ ಸರಿಹೋಗುತ್ತದೆ ಅನ್ನಿಸುತ್ತದೆ, ಹೋಗುವುದಿಲ್ಲ. ರೀಡೂ ಕಿತ್ತುಹಾಕುವುದು ಹಿಂದೆ ಓಸಿಆರ್ ಹಚ್ಚಿಟ್ಟ ಕಾಣದ ಅಕ್ಷರಗಳನ್ನು ಮಾತ್ರ, ಪುಟದ ಮೇಲೆ ಕಾಣುವ ಅಕ್ಷರವನ್ನು ಮುಟ್ಟುವುದಿಲ್ಲ. ಬೇಕಾದದ್ದು "ಫೋರ್ಸ್": ಪುಟವನ್ನೇ ಚಿತ್ರ ಮಾಡಿ ಹೊಸದಾಗಿ ಓದುತ್ತದೆ. ಅದನ್ನು ಎಲ್ಲ ಕಡತಕ್ಕೂ ಹಾಕಬೇಡಿ, ಚೆಂದದ ಯುನಿಕೋಡ್ ಪಿಡಿಎಫ್‌ಗಳೂ ಚಿತ್ರವಾಗಿ ಊದಿಕೊಳ್ಳುತ್ತವೆ. ನುಡಿ ಕಾಲದ ಪಿಡಿಎಫ್‌ಗಳನ್ನು ಬೇರೆ ಮಾಡಿ, ಓಸಿಆರ್‌ಮೈಪಿಡಿಎಫ್ ಎಂಬ ಸಾಧನವನ್ನು ಫೋರ್ಸ್ ಆಯ್ಕೆಯೊಂದಿಗೆ ಅವುಗಳ ಮೇಲೆ ಮಾತ್ರ ಓಡಿಸಿ, ಆಮೇಲೆ ಒಳಗೆ ಹಾಕಿ. ಪೇಪರ್‌ಲೆಸ್‌ನ ಹೊಟ್ಟೆಯಲ್ಲಿ ಕೆಲಸ ಮಾಡುವುದೂ ಅದೇ ಸಾಧನ.

ನುಡಿ ಫಾಂಟಿನ ವರ್ಡ್ ಕಡತವನ್ನಂತೂ ನೇರ ಹಾಕಲೇಬೇಡಿ. ಪರಿವರ್ತಿಸುವ ಕಂಟೇನರಿನಲ್ಲಿ ಆ ಫಾಂಟ್ ಇರುವುದಿಲ್ಲ, ಕಣ್ಣಿಗೂ ಕಸವೇ ಕಾಣುತ್ತದೆ. ಫಾಂಟ್ ಇರುವ ಯಂತ್ರದಲ್ಲೇ ಪಿಡಿಎಫ್ ಮಾಡಿ ತನ್ನಿ.

ಕಾಗುಣಿತವನ್ನು ಅಕ್ಷರವೆಂದು ಒಪ್ಪದ ಪೈಥಾನ್

ಈಗ ಪಹಣಿಯ ಮಾತಿಗೆ ಬರೋಣ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಮಾದರಿ ಕೊಟ್ಟು ಪಠ್ಯ ಹುಡುಕುವ ರೀತಿ) "ಪದದ ಅಕ್ಷರ" ಎಂಬ ಗುಂಪಿಗೆ ಸ್ವರ, ವ್ಯಂಜನ, ಅಂಕಿ ಸೇರುತ್ತವೆ. ಇಳಿ, ಗುಡಿಸು, ಕೊಂಬು, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಇವು ಸೇರುವುದಿಲ್ಲ. ಅಲ್ಪವಿರಾಮ ಬಂದರೆ ಪದ ತುಂಡಾಗುವ ಹಾಗೆ ಕಾಗುಣಿತದ ಚಿಹ್ನೆ ಬಂದಲ್ಲೆಲ್ಲ ಪದ ತುಂಡಾಗುತ್ತದೆ. ಪೇಪರ್‌ಲೆಸ್‌ನ 2ನೇ ಸರಣಿ ಪೂರ್ಣಪಠ್ಯ ಹುಡುಕಾಟಕ್ಕೆ ಬಳಸುವ ವೂಶ್ ಎಂಬ ತಂತ್ರಾಂಶ ಹೀಗೆಯೇ ಪದ ಕಡಿಯುತ್ತದೆ, ಮತ್ತು ಒಂದೇ ಅಕ್ಷರದ ತುಂಡುಗಳನ್ನು ಬಿಸಾಕುತ್ತದೆ.

ನಮ್ಮ ಊರುಗಳ ಗತಿ ನೋಡಿ. "ಬಾದಾಮಿ" ಕಡಿದರೆ ಬ, ದ, ಮ. ಮೂರೂ ಒಂಟಿ, ಮೂರೂ ಕಸದ ಬುಟ್ಟಿಗೆ. "ಮುಧೋಳ", "ಗೋಕಾಕ" ಕೂಡ ಅದೇ ದಾರಿ. "ಖಾತೆ" ಎಂಬ ಪದವಂತೂ ಸೂಚಿಯಲ್ಲಿ ಹೆಸರಿಗೂ ಉಳಿಯುವುದಿಲ್ಲ. "ಬೆಳಗಾವಿ"ಯಲ್ಲಿ ಉಳಿಯುವುದು "ಳಗ", "ಬೀಳಗಿ"ಯಲ್ಲಿ ಉಳಿಯುವುದೂ "ಳಗ". ಒಂದನ್ನು ಕೇಳಿದರೆ ಇನ್ನೊಂದೂ ಬರುತ್ತದೆ. "ವಿಜಯಪುರ"ದಲ್ಲಿ ಉಳಿಯುವುದು "ಜಯಪ", ಅಂದರೆ ರಾಜಸ್ಥಾನದ ಜಯಪುರವೂ ನಮ್ಮ ಜಿಲ್ಲೆಗೆ ಸೇರಿತು. ಅಥಣಿಯೊಂದು ಪುಣ್ಯ ಮಾಡಿದೆ, ಕೊನೆಯ ಗುಡಿಸು ಬಿಟ್ಟರೆ ಪೂರ್ತಿ ಉಳಿಯುತ್ತದೆ.

ದಾರಿ ಇದೆ. ಕಾಗದಗಳ ಪಟ್ಟಿಯ ಮೇಲಿನ ಫಿಲ್ಟರ್‌ನಲ್ಲಿ "ಅಡ್ವಾನ್ಸ್ಡ್ ಸರ್ಚ್" ಬಿಟ್ಟು "ಟೈಟಲ್ ಅಂಡ್ ಕಂಟೆಂಟ್" ಆರಿಸಿ. ಅದು ಪದ ಕಡಿಯುವುದಿಲ್ಲ, ಕೊಟ್ಟ ಅಕ್ಷರಗಳ ಸಾಲು ಎಲ್ಲಿದ್ದರೂ ಡೇಟಾಬೇಸಿನಿಂದ ನೇರ ತರುತ್ತದೆ. ಹತ್ತಿಪ್ಪತ್ತು ಸಾವಿರ ಕಾಗದ ಇರುವ ಕಚೇರಿಗೆ ವೇಗದ ಚಿಂತೆ ಬೇಡ. ವಿಭಕ್ತಿ ಪ್ರತ್ಯಯದ ಕಾಟವೂ ಇಲ್ಲಿ ತಪ್ಪುತ್ತದೆ: "ಜಮೀನ" ಎಂದು ಕೊಟ್ಟರೆ ಜಮೀನಿನ, ಜಮೀನನ್ನು, ಜಮೀನಿಗೆ ಎಲ್ಲ ಸಿಗುತ್ತವೆ. ಚಿಕ್ಕ ಪದ ಕೊಟ್ಟರೆ ಮಾತ್ರ ಅತಿಯಾಗುತ್ತದೆ. "ಸಾಲ" ಎಂದರೆ ಸಾಲದ ಜೊತೆ ಸಾಲು, ಸಾಲದು, ಕೊನೆಗೆ ಮಸಾಲೆಯ ಬಿಲ್ಲೂ ಬಂದು ಕೂರುತ್ತದೆ. "ಸಾಲದ ಖಾತೆ" ಎಂದು ಎರಡು ಪದ ಜೋಡಿಸಿ ಕೇಳಿ.

ಕನ್ನಡದ ಟೈಪಿಂಗಿನಲ್ಲಿ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದು ನುಸುಳುತ್ತದೆ, ಅದನ್ನೂ ನೆನಪಿಡಿ. "ಬ್ಯಾಂಕ್‌ನಲ್ಲಿ" ಎಂದು ಬರೆಯುವಾಗ ಕ್ ಮತ್ತು ನ ನಡುವೆ ಅದು ಇರುತ್ತದೆ. ಓಸಿಆರ್ ಓದಿದ್ದರಲ್ಲಿ ಇರಬಹುದು, ಇಲ್ಲದಿರಬಹುದು. ಇಂಥ ಪದದಲ್ಲಿ "ಬ್ಯಾಂಕ್" ಎಂಬಷ್ಟನ್ನೇ ಕೊಡಿ.

ಇದೇ ರೋಗ ತಾನಾಗಿ ಟ್ಯಾಗ್ ಹಚ್ಚುವ ನಿಯಮಗಳಿಗೂ ಇದೆ, ಅಲ್ಲಿ ಇನ್ನೂ ವಿಚಿತ್ರ. "ಯಾವುದಾದರೂ ಪದ", "ಎಲ್ಲ ಪದ", "ಪೂರ್ತಿ ಹೊಂದಿಕೆ" ಈ ಮೂರೂ ರೀತಿಗಳು ಪದದ ಎರಡೂ ತುದಿಯಲ್ಲಿ ಗಡಿ ಹುಡುಕುತ್ತವೆ. "ಪಹಣಿ" ಮುಗಿಯುವುದು ಗುಡಿಸಿನಲ್ಲಿ. ಗುಡಿಸು ಅಕ್ಷರವಲ್ಲ, ಅದರ ಮುಂದಿನ ಖಾಲಿ ಜಾಗವೂ ಅಕ್ಷರವಲ್ಲ. ಹಾಗಾದರೆ ಗಡಿ ಎಲ್ಲಿ? ಇಲ್ಲ. ನಿಯಮ ಹೊಂದುವುದಿಲ್ಲ. "ಪಹಣಿಯ" ಎಂದಿದ್ದರೆ ಮಾತ್ರ, ಗುಡಿಸಿನ ಮುಂದೆ ಯ ಬಂದದ್ದರಿಂದ, ಹೊಂದುತ್ತದೆ! "ಫಜಿ" ಎಂಬ ಅಂದಾಜಿನ ರೀತಿ ಹೋಲಿಸುವ ಮೊದಲೇ ಕಾಗುಣಿತವನ್ನೆಲ್ಲ ಕಿತ್ತು ಬರೀ ವ್ಯಂಜನದ ಎಲುಬು ಹಿಡಿಯುತ್ತದೆ. ಅದರಿಂದ ದೂರ ಇರಿ. "ಆಟೋ" ತುಂಡು ತುಂಡಾದ ಪದಗಳಿಂದಲೇ ಕಲಿಯುತ್ತದೆಯಾದರೂ ಅಷ್ಟಿಷ್ಟು ಕೆಲಸ ಮಾಡುತ್ತದೆ, ಏಕೆಂದರೆ ಕಲಿಯುವಾಗಲೂ ಗುರುತಿಸುವಾಗಲೂ ಅವೇ ತುಂಡುಗಳು.

ಕನ್ನಡಕ್ಕೆ ನೆಚ್ಚಬಹುದಾದ ರೀತಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಒಂದೇ, ಅದೂ ಗಡಿಯ ಗುರುತು ಹಾಕದೆ. ಪದಗಳ ನಡುವೆ ನಿಂತ ಗೆರೆ ಎಳೆದರೆ "ಅಥವಾ" ಎಂದಾಗುತ್ತದೆ. "ಉತಾರ" ಎಂಬ ಹೆಸರಿನ ಕಾಗದದ ಬಗೆ ಮಾಡಿ, ಅದಕ್ಕೆ ಪಹಣಿ|ಉತಾರ|ಆರ್‌ಟಿಸಿ|ಆರ್.ಟಿ.ಸಿ ಎಂದು ನಿಯಮ ಬರೆಯಿರಿ. ಅಲ್ಲಿಗೆ ಜನರ ಮಾತು ಮತ್ತು ಕಾಗದದ ಮಾತು ಒಂದಾದವು. ಪಟ್ಟಿಯ ಮೇಲಿನ ಫಿಲ್ಟರ್‌ನಲ್ಲಿ "ಉತಾರ" ಎಂಬ ಬಗೆ ಆರಿಸಿದರೆ ಪಹಣಿಗಳೆಲ್ಲ ಮುಂದೆ.

ಊರ ಹೆಸರಿಗೂ ಹೀಗೆಯೇ. 2014ರ ನವೆಂಬರ್ 1ರಂದು ಅಧಿಕೃತ ಹೆಸರುಗಳು ಬದಲಾದವು, ಹಳೇ ಕಾಗದ ಬದಲಾಗಲಿಲ್ಲ. ವಿಜಯಪುರಕ್ಕೆ ಬಿಜಾಪುರ|ವಿಜಾಪುರ|ವಿಜಯಪುರ ಎಂದು ಬರೆಯಿರಿ. "ಬೆಳಗಾ" ಎಂದಷ್ಟೇ ಬರೆದರೆ ಬೆಳಗಾವಿ, ಬೆಳಗಾಂವ ಎರಡೂ ಸಿಗುತ್ತವೆ. ಬಾಗಲಕೋಟೆಯದು ಇನ್ನೂ ಒಂದು ಸುತ್ತು: ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಹುನಗುಂದ, ಬಾದಾಮಿಯ ಕಾಗದದಲ್ಲೆಲ್ಲ "ಜಿಲ್ಲಾ ಬಿಜಾಪುರ" ಎಂದೇ ಇರುತ್ತದೆ. ಆಲಮಟ್ಟಿ ಹಿನ್ನೀರಿಗೆ ಹೋದ ಜಮೀನು, ಮನೆಗಳ ಪರಿಹಾರದ ಗಂಟುಗಳಲ್ಲಿ ಹಳೇ ಜಿಲ್ಲೆ, ಹೊಸ ಜಿಲ್ಲೆ, ಹಳೇ ಊರು, ನವನಗರದ ಸೆಕ್ಟರ್ ನಂಬರ್ ಎಲ್ಲ ಕಲಸಿರುತ್ತವೆ. ಆದ್ದರಿಂದ ಜಿಲ್ಲೆಯ ಟ್ಯಾಗ್ ಬೇಡ, ತಾಲ್ಲೂಕು ಮತ್ತು ಹಳ್ಳಿಯ ಟ್ಯಾಗ್ ಇಡಿ. ನಿಯಮ ತಿದ್ದಿದರೆ ಹಳೇ ಕಾಗದಕ್ಕೆ ತಾನಾಗಿ ಹತ್ತುವುದಿಲ್ಲ, ರೀಟ್ಯಾಗರ್ ಎಂಬ ಆಜ್ಞೆಯನ್ನು ಒಮ್ಮೆ ಓಡಿಸಬೇಕು.

ಹೆಸರು, ತಾರೀಖು, ನಕಲು

ಕಡತಗಳನ್ನು ಡಿಸ್ಕಿನ ಮೇಲೆ ಯಾವ ಹೆಸರಿನಲ್ಲಿ ಇಡಬೇಕೆಂದು ನೀವೇ ಹೇಳಬಹುದು. ಶೀರ್ಷಿಕೆಯನ್ನು ಅದರಲ್ಲಿ ಸೇರಿಸುವ ಮುನ್ನ ಲೆಕ್ಕ ಹಾಕಿ. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. "ಪತ್ತಿನ" ಎಂಬುದು ಕಣ್ಣಿಗೆ ಮೂರಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. ಅಂದರೆ 85 ಚಿಹ್ನೆಗೆ ಜಾಗ ಮುಗಿಯಿತು, ಪೇಪರ್‌ಲೆಸ್ ಶೀರ್ಷಿಕೆಗೆ ಬಿಡುವುದು 128. ಡಿಸ್ಕಿನಲ್ಲಿ ವರ್ಷ ಮತ್ತು ಕಾಗದದ ಸಂಖ್ಯೆ ಸಾಕು. ಕನ್ನಡ ಹೆಸರು ಬ್ರೌಸರಿನಲ್ಲಿ ಕಾಣುತ್ತದಲ್ಲ.

ತಾರೀಖನ್ನು ಕಾಗದದಲ್ಲಿ ಮೊದಲು ಕಂಡ ದಿನಾಂಕದಿಂದ ಎತ್ತಿಕೊಳ್ಳುತ್ತದೆ. ಅದು ಉತಾರ ತೆಗೆಸಿದ ದಿನವೂ ಆಗಬಹುದು, ಯಾರದೋ ಹುಟ್ಟಿದ ದಿನವೂ ಆಗಬಹುದು. ಕನ್ನಡ ಅಂಕಿಯಲ್ಲಿ ಬರೆದ ತಾರೀಖನ್ನು ಹಿಡಿಯುತ್ತದೆಂದು ನೆಚ್ಚಬೇಡಿ. ಬೇರೆ ತಾರೀಖೂ ಸಿಗದಿದ್ದರೆ ಕಡತದ ದಿನಾಂಕವನ್ನೇ ಹಾಕುತ್ತದೆ. 1978ರ ಖರೀದಿ ಪತ್ರ ನಿನ್ನೆಯದಾಗುವುದು ಹೀಗೆ. ಹೊಸ ಕಾಗದಕ್ಕೆಲ್ಲ ತಾನಾಗಿ ಹತ್ತುವ ಇನ್‌ಬಾಕ್ಸ್ ಟ್ಯಾಗ್ ಇಟ್ಟುಕೊಂಡು, ಒಬ್ಬರು ಕಣ್ಣಾಡಿಸಿ ತಾರೀಖು ತಿದ್ದಿದ ಮೇಲೆಯೇ ಅದನ್ನು ತೆಗೆಯುವುದು ಸರಿಯಾದ ಕ್ರಮ. ಒಂದೇ ಕಡತವನ್ನು ಎರಡು ಸಲ ಹಾಕಿದರೆ ತಿರಸ್ಕರಿಸುತ್ತದೆ, ಆದರೆ ಒಂದೇ ಹಾಳೆಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ಎರಡನ್ನೂ ತೆಗೆದುಕೊಳ್ಳುತ್ತದೆ.

ಮಾಲೀಕರೆಂದು ಯಾರ ಹೆಸರೂ ಇಲ್ಲದ ಕಾಗದವು, ಕಾಗದ ನೋಡುವ ಅನುಮತಿ ಇರುವ ಬಳಕೆದಾರರಿಗೆಲ್ಲ ಕಾಣುತ್ತದೆ. ಆಧಾರ್ ಪ್ರತಿ, ಪಾಸ್‌ಬುಕ್ ಬರುವ ಫೋಲ್ಡರಿಗೆ ವರ್ಕ್‌ಫ್ಲೋ (ತಾನಾಗಿ ನಡೆಯುವ ನಿಯಮ) ಬರೆದು, ಒಳಗೆ ಬರುವಾಗಲೇ ಮಾಲೀಕರ ಹೆಸರು ಬೀಳುವಂತೆ ಮಾಡಿ. ಡಿಜಿಟಲ್ ಸಹಿ ಇರುವ ಪಿಡಿಎಫ್ ಯಾರಿಗಾದರೂ ಕಳಿಸುವಾಗ ಪೇಪರ್‌ಲೆಸ್ ತಾನು ಮಾಡಿಕೊಂಡ ಆರ್ಕೈವ್ ಪ್ರತಿ ಕಳಿಸಬೇಡಿ, "ಒರಿಜಿನಲ್" ಇಳಿಸಿಕೊಂಡು ಕಳಿಸಿ. ಆರ್ಕೈವ್ ಪ್ರತಿ ಮಾಡುವಾಗ ಕಡತ ಬದಲಾಗುತ್ತದೆ, ಸಹಿ ಕೆಡುತ್ತದೆ. ಮೂಲವನ್ನು ಪೇಪರ್‌ಲೆಸ್ ಮುಟ್ಟದೆ ಇಟ್ಟಿರುತ್ತದೆ.

ಬ್ಯಾಕಪ್ ಎಂದು ಡೇಟಾಬೇಸಿನ ಫೋಲ್ಡರನ್ನು ಓಡುತ್ತಿರುವಾಗಲೇ ಕಾಪಿ ಮಾಡಿದರೆ ಅರೆಬೆಂದ ಪ್ರತಿ ಸಿಗುತ್ತದೆ. ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್ ಎಂಬ ಆಜ್ಞೆ ಇದೆ. ಕಾಗದ, ಟ್ಯಾಗ್, ಬಳಕೆದಾರರು ಎಲ್ಲವನ್ನೂ ಒಂದು ಫೋಲ್ಡರಿಗೆ ಇಳಿಸುತ್ತದೆ. ದಿನಾ ರಾತ್ರಿ ಅದನ್ನು ಓಡಿಸಿ, ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಒಯ್ಯಿರಿ. ಜಿಪ್ ಮಾಡಿ ಪೆನ್‌ಡ್ರೈವಿಗೆ ಹಾಕುವುದಾದರೆ ಅದು ಫ್ಯಾಟ್32 ಅಲ್ಲವೆಂದು ನೋಡಿಕೊಳ್ಳಿ, 4 ಜಿಬಿ ದಾಟಿದ ಕಡತವನ್ನು ಅದು ಹಿಡಿಯುವುದಿಲ್ಲ. ಮರಳಿ ಹಾಕುವಾಗ ಪೇಪರ್‌ಲೆಸ್‌ನ ಅದೇ ಆವೃತ್ತಿ ಬೇಕು, ಆವೃತ್ತಿಯ ಸಂಖ್ಯೆಯನ್ನು ಡಿಸ್ಕಿನ ಮೇಲೆ ಚೀಟಿ ಹಚ್ಚಿ ಬರೆದಿಡಿ. ಆ ಡಿಸ್ಕಿನಲ್ಲಿರುವ ಕಾಗದಗಳಿಗೆ ಬೀಗವಿಲ್ಲ, ಯಾರ ಕೈಗೆ ಸಿಕ್ಕರೂ ತೆರೆಯುತ್ತವೆ. ಅದರ ಜಾಗ ಮೇಜಿನ ಡ್ರಾವರ್ ಅಲ್ಲ, ತಿಜೋರಿ.

ಮೂಲ ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಂಖ್ಯೆ ಬರೆದು, ಅದನ್ನೇ ಪೇಪರ್‌ಲೆಸ್‌ನ ಆರ್ಕೈವ್ ಸೀರಿಯಲ್ ನಂಬರ್ ಜಾಗದಲ್ಲಿ ತುಂಬಿ. ಗಂಟುಗಳನ್ನು ಪಕ್ಷಕಾರರ ಹೆಸರಿನ ಮೇಲೆ ಜೋಡಿಸುವ ಕೆಲಸವೇ ಇನ್ನು ಬೇಕಿಲ್ಲ. 1ರಿಂದ 200 ಒಂದು ರಟ್ಟಿನ ಡಬ್ಬಿ, 201ರಿಂದ 400 ಇನ್ನೊಂದು. ನ್ಯಾಯಾಲಯಕ್ಕೆ ಮೂಲ ಪ್ರತಿ ಬೇಕೆಂದಾಗ ಬ್ರೌಸರಿನಲ್ಲಿ ಸಂಖ್ಯೆ ನೋಡಿ, ಡಬ್ಬಿ ತೆಗೆದು, ಆ ಜಾಗದಲ್ಲಿ ಯಾರು ಯಾವತ್ತು ಒಯ್ದರು ಎಂಬ ಚೀಟಿ ಇಟ್ಟರಾಯಿತು.